ಚರ್ಚಿನ ಮಾಡು ಸೋರುತ್ತಿದೆ, ಖಾತೆಯಲ್ಲಿ ದುಡ್ಡಿದೆ, ಆದರೆ ಮುಟ್ಟುವ ಹಾಗಿಲ್ಲ. ಏನು ಮಾಡೋದು?

ಹೊಲಿಗೆಮಿಷನ್_ಹೊಸನಗರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಸಣ್ಣ ಊರಿನ ಕ್ಯಾಥೊಲಿಕ್ ಚರ್ಚು ನಮ್ಮದು. 62 ಮನೆ. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸಕ್ಕೆ ಅಂತ ಘಟ್ಟದ ಕೆಳಗಿನಿಂದ ಬಂದು ಇಲ್ಲೇ ನಿಂತುಬಿಟ್ಟ ಅಜ್ಜಂದಿರು ಕಟ್ಟಿದ್ದು. ಜಂಬಿಟ್ಟಿಗೆ ಗೋಡೆ, ಸುಣ್ಣದ ಗಾರೆ, ಮಂಗಳೂರು ಹೆಂಚು. ಬರುವ ಜನವರಿಗೆ 60 ವರ್ಷ.

ನಾನು ಟೈಲರ್. ಸ್ತ್ರೀಶಕ್ತಿ ಸಂಘದ ಲೆಕ್ಕ ಎಂಟು ವರ್ಷದಿಂದ ಬರೆಯುತ್ತಿದ್ದೇನೆ ಅನ್ನೋ ಒಂದೇ ತಪ್ಪಿಗೆ ಹೋದ ತಿಂಗಳು ನನ್ನನ್ನು ಚರ್ಚಿನ ಹಣಕಾಸು ಸಮಿತಿಗೆ ಹಾಕಿದರು. ಪುಸ್ತಕ ಕೈಗೆ ಬಂತು. ಒಂದು ಉದ್ದ ನೋಟ್‌ಬುಕ್. ಎಡಗಡೆ ಬಂದದ್ದು, ಬಲಗಡೆ ಹೋದದ್ದು, ಅಷ್ಟೇ. ‘ಸ್ಮಶಾನದ ಕಾಂಪೌಂಡಿಗೆ 5,000’ ಅನ್ನೋ ಸಾಲಿನ ಪಕ್ಕದಲ್ಲೇ ‘ಮೇಣದಬತ್ತಿ 340’. ಒಂದು ಕಡೆ ‘ಇತರೆ 12,500’ ಅಂತಿದೆ. ಇತರೆ ಅಂದರೆ ಏನು ಅಂತ ಹಳೆ ಖಜಾಂಚಿಯವರನ್ನು ಕೇಳಿದೆ. ತುಂಬಾ ಹೊತ್ತು ಯೋಚಿಸಿ, "ಇತರೆ ಅಂದ್ರೆ ಇತರೇನೇ" ಅಂದರು. ಒಳ್ಳೆ ಮನುಷ್ಯ, ಒಂದು ರೂಪಾಯಿ ಮುಟ್ಟಿದವರಲ್ಲ. ಆದರೆ ಪುಸ್ತಕ ನೋಡಿದವರಿಗೆ ಅದು ಹೇಗೆ ಗೊತ್ತಾಗಬೇಕು?

ಮೂರು ರಾತ್ರಿ ಕೂತು ಬಿಡಿಸಿದೆ. ಬ್ಯಾಂಕಿನಲ್ಲಿ ಇರೋದು 4,86,000. ಅದರಲ್ಲಿ ಸ್ಮಶಾನದ ಕಾಂಪೌಂಡಿಗೆ ಅಂತ ಜನ ಕೊಟ್ಟದ್ದು 2,10,000. ಹಬ್ಬದ ಲೆಕ್ಕದ್ದು 90,000. ಮಕ್ಕಳ ಫೀಸಿಗೆ ಅಂತ ಇಟ್ಟದ್ದು 60,000. ಉಳಿದ 1,26,000 ಮಾತ್ರ ಚರ್ಚಿನ ಸ್ವಂತದ್ದು. ಸಮಿತಿಯವರೆಲ್ಲ ನಮ್ಮ ಹತ್ತಿರ ಐದು ಲಕ್ಷ ಇದೆ ಅಂದುಕೊಂಡೇ ಮಾತಾಡುತ್ತಿದ್ದಾರೆ.

ಈಗ ಮಾಡಿನ ಕತೆ. ಕಳೆದ ಆರಿದ್ರಾ ಮಳೆಯಲ್ಲಿ ಭಾನುವಾರದ ಪೂಜೆಗೆ ಐದು ಬಕೆಟ್ ಇಟ್ಟಿದ್ದೆವು. ಕೀಬೋರ್ಡ್ ಪಕ್ಕ ಒಂದು, ಹೆಂಗಸರ ಬದಿಯ ಬೆಂಚುಗಳ ನಡುವೆ ಎರಡು, ಸಾಕ್ರಿಸ್ತಿ (ಫಾದರ್ ಪೂಜೆಗೆ ತಯಾರಾಗುವ ಕೋಣೆ) ಬಾಗಿಲಲ್ಲಿ ಒಂದು, ಪೀಠದ ಮೆಟ್ಟಿಲ ಮೇಲೆ ಒಂದು. ಸ್ಟೀಲ್ ಬಕೆಟ್‌ ಟಣ್ ಟಣ್ ಸದ್ದಿಗೆ ಪ್ರಸಂಗ (ಫಾದರ್ ಉಪದೇಶ) ಕೇಳಲ್ಲ ಅಂತ ಪ್ಲಾಸ್ಟಿಕ್‌ದು ತಂದೆವು. ಅದರೊಳಗೆ ಬಟ್ಟೆ ಹಾಕಿಡೋದು ನನ್ನ ಐಡಿಯಾ. ಟೈಲರ್ ಅಂಗಡಿಯಲ್ಲಿ ಚಿಂದಿಗೆ ಬರವೇ?

ಎರಡು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರ್ 40,000 ತಗೊಂಡು ಡಾಂಬರು ಹಾಳೆ ಅಂಟಿಸಿ ಹೋದ. ಅದು ಒಂದು ಮಳೆಗಾಲ ಹಿಡಿಯಿತು. ಉಳಿದದ್ದನ್ನು ಮಂಗಗಳು ಕಿತ್ತವು.

ಸಮಿತಿಯಲ್ಲಿ ಮೂರು ಮಾತು. ಒಬ್ಬರು: ಹೆಂಚಿನ ಮೇಲೆ ಕಬ್ಬಿಣದ ಫ್ರೇಮ್ ನಿಲ್ಲಿಸಿ ತಗಡಿನ ಶೀಟು ಹಾಕೋಣ, ಕೊಟೇಶನ್ 5,60,000. ಕಡಿಮೆ ಬಿದ್ದದ್ದಕ್ಕೆ ಸ್ಮಶಾನದ ದುಡ್ಡು ‘ಸದ್ಯಕ್ಕೆ’ ತಿರುಗಿಸೋಣ. ಇನ್ನೊಬ್ಬರು: 60 ವರ್ಷದ ಹಬ್ಬಕ್ಕೆ ಮೊದಲು ಬಣ್ಣ, ರಸ್ತೆಗೆ ಒಂದು ಕಮಾನು. ಕಮಾನಿಗೆ ಬೆಂಗಳೂರಿನಲ್ಲಿರುವ ನಮ್ಮೂರಿನವರೊಬ್ಬರು ದುಡ್ಡು ಕೊಡೋಕೆ ತಯಾರಿದ್ದಾರೆ, ಅಮ್ಮನ ಹೆಸರು ಬರೆಸಬೇಕು, ಆದಾಯ ತೆರಿಗೆ ರಿಯಾಯಿತಿಗೆ 80ಜಿ ರಸೀದಿ ಬೇಕು. ಮೂರನೆಯದು ನನ್ನ ಮಾತು: ಮೊದಲು ನೀರು ನಿಲ್ಲಿಸಿ. ಅದಕ್ಕೆ ದುಡ್ಡು ಕೊಡುವವರು ಯಾರೂ ಇಲ್ಲ. ಹೆಂಚಿನ ಕೆಳಗಿನ ರೀಪಿನ (ಮರದ ಪಟ್ಟಿ) ಮೇಲೆ ಯಾರ ಹೆಸರೂ ಕಾಣಲ್ಲ ನೋಡಿ.

ಇನ್ನೊಂದು ಹೇಳೋಕೇ ನಾಚಿಕೆ. ಕಾಣಿಕೆ ಪೆಟ್ಟಿಗೆ ಪಕ್ಕ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹಳೆ ಖಜಾಂಚಿಯವರ ಸ್ವಂತ ಖಾತೆಗೆ ಹೋಗುತ್ತೆ. ಅವರು ಪ್ರತಿ ತಿಂಗಳು ತೆಗೆದು ಕಟ್ಟುತ್ತಿದ್ದರು, ನಿಜ. ಆದರೂ!

ಮಳೆಗೆ ಎರಡು ತಿಂಗಳಿದೆ. ಗೊತ್ತಿದ್ದವರು ಹೇಳಿ.

ಹಳೇ_ಕ್ಯಾಶಿಯರ್, ಸಾಗರ:

ತಂಗೀ, ಮೊದಲು ಆ ಕ್ಯೂಆರ್ ಕಿತ್ತು ಹಾಕಿ. ಇವತ್ತೇ. ಮಿಕ್ಕಿದ್ದನ್ನು ಆಮೇಲೆ ಓದಿ.

ನಾನು 31 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು, ಈಗ ನಮ್ಮ ಚರ್ಚಿನ ಲೆಕ್ಕ ನೋಡುತ್ತೇನೆ. ಒಳ್ಳೆಯವರ ಮೇಲೆ ಅನುಮಾನ ಬರುವುದು ಇಂಥ ವಿಷಯಕ್ಕೇ. 2025ರ ಜುಲೈನಲ್ಲಿ ನಮ್ಮ ರಾಜ್ಯದ ಬೇಕರಿ, ತರಕಾರಿ ಅಂಗಡಿಯವರಿಗೆ ಯುಪಿಐ ಜಮೆ ನೋಡಿಯೇ ತೆರಿಗೆ ನೋಟಿಸ್ ಬಂದದ್ದು ನೆನಪಿದೆ ಅಲ್ವಾ? ನಾಳೆ ನಿಮ್ಮ ಹಳೆ ಖಜಾಂಚಿಯವರಿಗೆ ಈ ದುಡ್ಡು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತಾರೆ? ಚರ್ಚಿನ ಹೆಸರಿನ ಖಾತೆಗೇ ಹೊಸ ಕೋಡ್ ಮಾಡಿಸಿ. ಚೆಕ್ಕಿಗೆ ಎರಡು ಸಹಿ, ಒಂದು ಫಾದರ್‌ದು.

ಸ್ಮಶಾನದ ದುಡ್ಡು ಮುಟ್ಟಬೇಡಿ. ಇದು ನನ್ನ ಅಭಿಪ್ರಾಯ ಅಲ್ಲ. 1983ರ ಕ್ಯಾನನ್ ಕಾನೂನಿನಲ್ಲೇ (ಕ್ಯಾಥೊಲಿಕ್ ಚರ್ಚಿನ ನಿಯಮಾವಳಿ) ಇದೆ. ಇಂಥದ್ದಕ್ಕೆ ಅಂತ ಕೊಟ್ಟ ಕಾಣಿಕೆ ಅದಕ್ಕೇ ಖರ್ಚಾಗಬೇಕು, 1267ನೇ ನಿಯಮ ನೋಡಿ. ಪ್ರತಿ ಚರ್ಚಿಗೂ ಹಣಕಾಸು ಸಮಿತಿ ಇರಲೇಬೇಕು ಅನ್ನೋದು 537. ಅಂದರೆ ನಿಮ್ಮನ್ನು ಅಲ್ಲಿ ಕೂರಿಸಿರೋದು ಚಹಾ ಕುಡಿಯೋಕಲ್ಲ. ‘ಸದ್ಯಕ್ಕೆ’ ತಿರುಗಿಸಿದ ದುಡ್ಡು ವಾಪಸ್ ಬಂದದ್ದನ್ನು ನಾನು ಎರಡೇ ಸಲ ನೋಡಿದ್ದೇನೆ, ಅದರಲ್ಲಿ ಒಂದು ನನ್ನ ಮಾವನ ಮನೆಯಲ್ಲಿ.

80ಜಿ ಚರ್ಚಿಗೆ ಸಿಗಲ್ಲ. ಧರ್ಮದ ಕೆಲಸಕ್ಕೆ ಕೊಟ್ಟದ್ದಕ್ಕೆ ಆ ರಿಯಾಯಿತಿ ಇಲ್ಲ. ಐತಿಹಾಸಿಕ ಅಥವಾ ಹೆಸರುವಾಸಿ ಅಂತ ಸರ್ಕಾರ ಅಧಿಸೂಚನೆ ಹೊರಡಿಸಿದ ದೇವಸ್ಥಾನ, ಮಸೀದಿ, ಚರ್ಚುಗಳ ದುರಸ್ತಿಗೆ ಮಾತ್ರ ಉಂಟು. ನಿಮ್ಮ ಕಟ್ಟಡ ಆ ಸಾಲಿಗೆ ಬರಲ್ಲ. ಬೆಂಗಳೂರಿನವರಿಗೆ ಈಗಲೇ ಹೇಳಿಬಿಡಿ, ಆಮೇಲೆ ಮುಖ ಕೆಡಿಸಿಕೊಳ್ಳೋದು ಬೇಡ.

ಕೆಲಸದವರಿಗೆ ದುಡ್ಡು ಕೊಡುವಾಗ ಒಬ್ಬರಿಗೆ ಒಂದು ದಿನಕ್ಕೆ 10,000ಕ್ಕಿಂತ ಜಾಸ್ತಿ ನಗದು ಕೊಡಬೇಡಿ. ಧಾರ್ಮಿಕ ಟ್ರಸ್ಟಿನ ಆದಾಯ ತೆರಿಗೆ ಲೆಕ್ಕದಲ್ಲಿ ಅದು ಖರ್ಚು ಅಂತ ಹಿಡಿಯಲ್ಲ. ಕಾಣಿಕೆ ಎಣಿಸುವಾಗ ಒಂದೇ ಮನೆಯ ಇಬ್ಬರು ಬೇಡ, ಎಣಿಸಿದ ಕೂಡಲೇ ಚೀಟಿ ಬರೆದು ಇಬ್ಬರೂ ಸಹಿ ಹಾಕಿ, ಸೋಮವಾರ ಬ್ಯಾಂಕಿಗೆ. ಸಂಘದಲ್ಲಿ ಮಾಡಿದ ಹಾಗೇ. ನಿಮಗೆ ಹೊಸದಾಗಿ ಕಲಿಸೋದೇನಿಲ್ಲ.

ಹೊಲಿಗೆಮಿಷನ್_ಹೊಸನಗರ:

ಕ್ಯೂಆರ್ ಕಿತ್ತೆ ಅಣ್ಣ. ಹಳೆ ಖಜಾಂಚಿಯವರೇ ಬ್ಲೇಡ್ ತಂದುಕೊಟ್ಟರು. "ನನಗೂ ಒಂದು ಭಾರ ಇಳೀತು ಮಾರಾಯ್ತಿ" ಅಂದರು.

ಒಂದು ಕೇಳಲಾ? ಕುವೈತ್‌ನಲ್ಲಿ ನಮ್ಮೂರಿನ ಹುಡುಗ ಇದ್ದಾನೆ. ಕೆನಡಾದಲ್ಲಿ ಅವನ ಚಿಕ್ಕಪ್ಪ ಇದ್ದಾರೆ, ಅಲ್ಲಿನ ಪಾಸ್‌ಪೋರ್ಟೇ ಆಗಿದೆ. ಇಬ್ಬರೂ ಕೊಡ್ತೀವಿ ಅಂತಾರೆ.

ಹಳೇ_ಕ್ಯಾಶಿಯರ್, ಸಾಗರ:

ಕುವೈತ್ ಹುಡುಗನ ಪಾಸ್‌ಪೋರ್ಟ್ ಭಾರತದ್ದಾಗಿದ್ದು, ಅವನ ಸ್ವಂತ ದುಡಿಮೆಯ ಹಣ ಬ್ಯಾಂಕಿನ ಮೂಲಕವೇ ಬಂದರೆ ತೊಂದರೆ ಇಲ್ಲ. ಚಿಕ್ಕಪ್ಪನದು ವಿದೇಶಿ ಹಣ ಅಂತ ಲೆಕ್ಕ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಬೇಕು, ಆ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಿಮ್ಮ ಊರಿನ ಖಾತೆಗೆ ಅವರಿಂದ ಒಂದು ಡಾಲರ್ ಕೂಡ ಹಾಕಿಸಿಕೊಳ್ಳಬೇಡಿ. ಚಿಕ್ಕಪ್ಪನಿಗೆ ಪ್ರಾರ್ಥನೆ ಮಾಡಿ ಅನ್ನಿ.

ಪಕಾಸು_ರೀಪು, ಕೊಪ್ಪ:

ನಾನು ಬಡಗಿ. ಹೆಂಚಿನ ಮಾಡಿನ ಕೆಲಸ ಅಪ್ಪನ ಕಾಲದಿಂದ. ಅಕ್ಕಾ, ನೀವು ಬರೆದದ್ದರಲ್ಲಿ ಒಂದು ಮಾತು ನನಗೆ ಸಾಕಾಯ್ತು: ಸಾಕ್ರಿಸ್ತಿ ಬಾಗಿಲಲ್ಲಿ ಒಂದು ಬಕೆಟ್, ಪೀಠದ ಮೆಟ್ಟಿಲಲ್ಲಿ ಒಂದು. ಸಾಕ್ರಿಸ್ತಿಯ ಸಣ್ಣ ಮಾಡು ದೊಡ್ಡ ಮಾಡಿಗೆ ಬಂದು ಸೇರುವ ಜಾಗ ಅದು ತಾನೇ? ಅಲ್ಲಿ ಹೆಂಚಿನ ಕೆಳಗೆ ಒಂದು ತಗಡಿನ ಕಾಲುವೆ ಇರುತ್ತೆ. 60 ವರ್ಷದಲ್ಲಿ ಅದು ತುಕ್ಕು ಹಿಡಿದು ಜರಡಿ ಆಗಿರುತ್ತೆ, ಇಲ್ಲಾ ತರಗೆಲೆ ತುಂಬಿ ಕಟ್ಟಿರುತ್ತೆ. ಐದರಲ್ಲಿ ಎರಡು ಬಕೆಟ್ ಅಲ್ಲೇ ಮುಗೀತು. ಇದಕ್ಕೆ ಐದು ಲಕ್ಷ ಯಾಕೆ?

ನೀರು ಬೀಳುವ ಜಾಗದ ಮೇಲೇ ತೂತಿರುತ್ತೆ ಅಂದುಕೊಳ್ಳಬೇಡಿ. ಅದು ಪಕಾಸಿನ (ಮಾಡಿನ ಇಳಿಜಾರು ಮರ) ಮೇಲೆ ಹರಿದು ಹರಿದು ನಾಲ್ಕಡಿ ಆಚೆ ತೊಟ್ಟಿಕ್ಕುತ್ತೆ. ಬಿಸಿಲಿನ ದಿನ ಪೈಪ್ ಹಿಡಿದು ಒಬ್ಬರು ಮೇಲೆ, ಒಬ್ಬರು ಒಳಗೆ ನಿಲ್ಲಿ. ಸೂರಿನ ಕಡೆಯಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಬನ್ನಿ. ನೆತ್ತಿಯಿಂದ ಬಿಟ್ಟರೆ ಎಲ್ಲ ಕಡೆ ನೀರು ಹರಿದು ಏನೂ ಗೊತ್ತಾಗಲ್ಲ. ತೊಟ್ಟಿಕ್ಕಿದ ಕಡೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ.

ಹೆಂಚನ್ನು ಬೆರಳಿನಲ್ಲಿ ತಟ್ಟಿ ನೋಡಿ. ಟಣ್ ಅಂದರೆ ಇನ್ನೂ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ಡಬ್ ಅಂದರೆ ಬಿರುಕು ಬಿಟ್ಟಿದೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ್ದು 1860ರ ದಶಕದಲ್ಲಿ. ಆಗಿನ ಹೆಂಚನ್ನೂ ನಾನು ಇಳಿಸಿ, ತೊಳೆದು, ಮತ್ತೆ ಹೊದಿಸಿದ್ದೇನೆ. ಹೊಸದು ತರುವಾಗ ಹುಷಾರು. ಒಂದು ಕಂಪನಿಯ ಹೆಂಚಿನ ಗಾಡಿ (ಅಂಚಿನ ಕಚ್ಚು) ಇನ್ನೊಂದಕ್ಕೆ ಕೂರಲ್ಲ. ಹೆಂಚಿನ ಹಿಂದೆ ಕಾರ್ಖಾನೆಯ ಮುದ್ರೆ ಇರುತ್ತೆ, ಅದನ್ನು ನೋಡಿಕೊಂಡು, ಹಳೆ ಮನೆ ಕೆಡವುವ ಕಡೆಯಿಂದ ಅದೇ ಹೆಂಚು ತನ್ನಿ. ಒಂದು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತೆ.

ಇನ್ನು ಬಣ್ಣ. ಸುಣ್ಣದ ಗಾರೆಯ ಮೇಲೆ ದಯವಿಟ್ಟು ಪ್ಲಾಸ್ಟಿಕ್ ಪೇಂಟ್ ಬಳಿಸಬೇಡಿ. ಜಂಬಿಟ್ಟಿಗೆ ಮಳೆಗಾಲದಲ್ಲಿ ನೀರು ಕುಡಿಯುತ್ತೆ, ಬೇಸಿಗೆಯಲ್ಲಿ ಬಿಡುತ್ತೆ. ಪೇಂಟ್ ಅದರ ಬಾಯಿ ಮುಚ್ಚಿಬಿಡುತ್ತೆ. ಎರಡನೇ ವರ್ಷಕ್ಕೆ ಹಪ್ಪಳದ ಹಾಗೆ ಏಳುತ್ತೆ. ಸುಣ್ಣವೇ ಹೊಡೆಸಿ.

ಆಗುಂಬೆ_ರಸ್ತೆ:

ಬಡಗಿ ಅಣ್ಣ ಹೇಳಿದ್ದು ಸರಿ, ಆದರೆ ಶೀಟು ಅಂದರೆ ಪಾಪ ಅನ್ನೋ ಹಾಗೆ ಮಾತಾಡಬೇಡಿ. ನಮ್ಮ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕಡೆಯೂ ಕಡಿಮೆ ಏನಿಲ್ಲ. ಪ್ರತಿ ವರ್ಷ ಹೆಂಚು ಕೈಯಾಡಿಸೋಕೆ ಆಳು ಎಲ್ಲಿ ಸಿಗ್ತಾರೆ? ನಮ್ಮ ಮನೆಗೆ ಹೆಂಚಿನ ಮೇಲೆ ಶೀಟು ಹಾಕಿ ಆರು ವರ್ಷ ಆಯ್ತು, ಒಂದು ಹನಿ ಇಲ್ಲ, ಮಂಗದ ಕಾಟವೂ ಇಲ್ಲ. ಮಳೆ ಜೋರಾದರೆ ಟಿವಿ ಕೇಳಲ್ಲ, ಅದೊಂದೇ.

ಪಕಾಸು_ರೀಪು, ಕೊಪ್ಪ:

ಮನೆಗೆ ಸರಿ ಸಾರ್. ಚರ್ಚಿನ ಗೋಡೆ ಎತ್ತರ, ಗಾಳಿ ಕೆಳಗಿನಿಂದ ನುಗ್ಗಿ ಶೀಟು ಎತ್ತುತ್ತೆ. ಫ್ರೇಮನ್ನು ಗೋಡೆಗೆ ಸರಿಯಾಗಿ ಬಿಗಿಯಬೇಕು. ಮತ್ತೆ ಶೀಟು ಹಾಕಿದ ಮೇಲೆ ಕೆಳಗಿನ ರೀಪಿಗೆ ಗೆದ್ದಲು ಹತ್ತಿದೆಯಾ ಅಂತ ಯಾರೂ ಬಗ್ಗಿ ನೋಡಲ್ಲ.

ದೇವಸ್ಥಾನದ_ಲೆಕ್ಕ, ಶೃಂಗೇರಿ ಕಡೆ:

ನಾನು ನಮ್ಮೂರ ದೇವಸ್ಥಾನದ ಸಮಿತಿಯವನು. ಓದಿ ನಗು ಬಂತು, ಹೆಸರು ಬದಲಿಸಿದರೆ ನಮ್ಮದೇ ಕತೆ. ಗ್ರಾನೈಟ್ ನೆಲಕ್ಕೆ ಮೂರು ಜನ ಪೈಪೋಟಿ, ಸೂರಿನ ದೋಣಿಗೆ (ಮಳೆನೀರು ಹರಿದುಹೋಗುವ ಕಾಲುವೆ) ಒಬ್ಬರೂ ಇಲ್ಲ.

ನಾವು ಮಾಡಿದ್ದು ಇಷ್ಟು. ಒಂದು ಮನೆಗೆ ಒಂದು ಹೆಂಚು, 500 ರೂಪಾಯಿ. ಹೆಂಚಿನ ಒಳಮೈಗೆ ಬಿಳಿ ಪೇಂಟಿನಲ್ಲಿ ಮನೆ ಹೆಸರು. ಒಳಗೆ ಕೂತು ತಲೆಯೆತ್ತಿದರೆ ಕಾಣುತ್ತೆ. ಕೇಳಿದ್ದು ಅಡಿಕೆ ಮಾರಿದ ಮೇಲೆ, ಕೈಯಲ್ಲಿ ದುಡ್ಡಿರುವ ಹೊತ್ತಿಗೆ. ಆಷಾಢದಲ್ಲಿ ಕೇಳಿದ್ದರೆ ನಮಸ್ಕಾರ ಮಾತ್ರ ಸಿಗುತ್ತಿತ್ತು.

ಹೊಲಿಗೆಮಿಷನ್_ಹೊಸನಗರ (ಏಳು ವಾರ ಆದ ಮೇಲೆ):

ರೋಹಿಣಿ ಮಳೆ ಶುರುವಾಯ್ತು, ಅದಕ್ಕೇ ಬರೆಯುತ್ತಿದ್ದೇನೆ.

ಪೈಪ್ ಹಿಡಿದು ನೋಡಿದೆವು. ಸಾಕ್ರಿಸ್ತಿ ಹತ್ತಿರದ ತಗಡು ಕೈ ಹಾಕಿದರೆ ಪುಡಿಪುಡಿ ಆಯ್ತು. ಅದರೊಳಗೆ ಒಂದು ಕ್ರಿಕೆಟ್ ಚೆಂಡೂ ಸಿಕ್ಕಿತು. ಅದು ನನ್ನ ಮಗನದು, ಅವನೀಗ ಪಿಯುಸಿ. ಪಡುವಣ ಬದಿಯ ರೀಪು ಅರ್ಧ ಗೆದ್ದಲು ತಿಂದಿತ್ತು. ಬಿಷಪ್ ಹೌಸಿಗೆ ಫಾದರ್ ಪತ್ರ ಬರೆದು ಒಪ್ಪಿಗೆ ತಂದರು.

ಲೆಕ್ಕ ಹೇಳಿಬಿಡುತ್ತೇನೆ. ಮರ, ರೀಪು 48,000. ಹಳೆ ಹೆಂಚು 310, ಒಂದಕ್ಕೆ 30ರ ಹಾಗೆ 9,300. ತಗಡು 14,500. ಕೂಲಿ 38,600. ಒಟ್ಟು 1,10,400. ಹೆಂಚಿನ ಹೆಸರಿಗೆ 55 ಮನೆಯವರು ಕೊಟ್ಟದ್ದು 27,500. ಅಡಿಕೆ ಮಾರಿದ ದುಡ್ಡು ಮುಗಿದ ಹೊತ್ತು ಅಂತ ಹೆದರಿದ್ದೆ, ಆದರೂ ಕೊಟ್ಟರು. ಏಳು ಮನೆಯವರು ಶೀಟಿನ ಪಕ್ಷದವರು, ಇನ್ನೂ ಸಿಟ್ಟು. ಸ್ಮಶಾನದ 2,10,000 ಹಾಗೇ ಇದೆ, ಬೇರೆ ಪುಸ್ತಕದಲ್ಲಿ.

ಬೆಂಗಳೂರಿನವರಿಗೆ 80ಜಿ ಇಲ್ಲ ಅಂತ ಹೇಳಿದೆ. ಒಂದು ವಾರ ಮಾತಿಲ್ಲ. ಆಮೇಲೆ ಅವರೇ ಫೋನ್ ಮಾಡಿ, ಕಮಾನು ಆಮೇಲೆ ನೋಡೋಣ, ಸೂರಿನ ದೋಣಿ ನಾನು ಹಾಕಿಸುತ್ತೇನೆ ಅಂದರು. ಅದಕ್ಕೆ 22,000 ಆಯ್ತು. ಅಮ್ಮನ ಹೆಸರು ದೋಣಿಯ ಮೇಲೆ ಬೇಡ, ಪೀಠದ ನೇರಕ್ಕೆ ಇರುವ ಹೆಂಚಿಗೆ ಬರೆಸಿ ಅಂದರು. ಬರೆಸಿದೆವು.

ಈಗ ಹೊಸ ತೊಂದರೆ. ಪ್ರಸಂಗದ ಹೊತ್ತಿಗೆ ಮಕ್ಕಳೆಲ್ಲ ಬಾಯಿ ತೆರೆದು ಮೇಲೆ ನೋಡುತ್ತಾ ತಮ್ಮ ಮನೆ ಹೆಂಚು ಹುಡುಕುತ್ತಿರುತ್ತವೆ. ಫಾದರ್ ಎರಡು ಸಲ ಗದರಿದರು.

ನಾಲ್ಕು ಬಕೆಟ್ ಒಳಗೆ ಹೋಯ್ತು. ಕೀಬೋರ್ಡ್ ಪಕ್ಕದ್ದು ಮಾತ್ರ ಹಾಗೇ ಇದೆ. ಮೂರು ಸಲ ಪೈಪ್ ಬಿಟ್ಟು ನೋಡಿದೆವು, ಬಿಸಿಲಲ್ಲಿ ಸೋರಲ್ಲ, ಮಳೆಯಲ್ಲಿ ಮಾತ್ರ, ಅದೂ ಗಾಳಿ ಇದ್ದಾಗ. ಕೊಪ್ಪದ ಅಣ್ಣ, ನೆತ್ತಿಯ ಹೆಂಚಿನ ಫೋಟೋ ಹಾಕುತ್ತೇನೆ, ನೋಡಿ ಹೇಳ್ತೀರಾ?