ನಕ್ಷತ್ರ ಮೂರು ಮೂಲೆಯಾಗಿ ಕಾಣುತ್ತಿದೆ: ೬ ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್, ಕೊಡುವ ಮೊದಲು ಸರಿ ಮಾಡಬೇಕು

ಪೆರ್ಲ ಮಾಷ್ಟ್ರು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ೬ ಇಂಚಿನ ನ್ಯೂಟೋನಿಯನ್ ಟೆಲಿಸ್ಕೋಪ್ ಇದೆ, ತಳದಲ್ಲಿ ದೊಡ್ಡ ಕನ್ನಡಿ, ಮೇಲೆ ಸಣ್ಣ ಕನ್ನಡಿ ಇರುವಂಥದ್ದು. ಫೋಕಲ್ ಲೆಂತ್, ಅಂದರೆ ಕನ್ನಡಿ ಬೆಳಕನ್ನು ಒಂದು ಕಡೆ ಸೇರಿಸುವ ದೂರ, ೧೨೦೦ ಮಿ.ಮೀ.; ಕನ್ನಡಿಯ ಅಗಲದ ಎಂಟರಷ್ಟು, ಎಫ್/೮. ಕನ್ನಡಿ ನಾನೇ ಕಾರ್ಬೊರಂಡಂ ಪುಡಿ ಹಾಕಿ ಉಜ್ಜಿ ಮಾಡಿದ್ದು. ಕೊಳವೆ ಪಿವಿಸಿ ಪೈಪು. ಕೆಳಗೆ ಡಾಬ್ಸನ್ ಮಾದರಿಯ ಪ್ಲೈವುಡ್ ಪೆಟ್ಟಿಗೆ.

ಮಳೆಗಾಲ ಪೂರ್ತಿ ಇದು ಚಾವಡಿಯ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಈಗ ಅಂಗಳಕ್ಕೆ ತಂದು ನೋಡಿದರೆ ನಕ್ಷತ್ರ ಚುಕ್ಕೆಯಾಗುವುದೇ ಇಲ್ಲ. ೬ ಮಿ.ಮೀ. ಐಪೀಸ್ (ಕಣ್ಣಿಡುವ ಮಸೂರ) ಹಾಕಿ ೨೦೦ ಪಟ್ಟು ಮಾಡಿದರೆ ಮೂರು ಕಡೆಗೆ ಮೊನೆ ಎಳೆದ ಹಾಗೆ ಕಾಣುತ್ತದೆ. ೨೫ ಮಿ.ಮೀ. ಐಪೀಸಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಹೋದ ವರ್ಷ ಇದೇ ಐಪೀಸಿನಲ್ಲಿ ಚೊಕ್ಕವಾಗಿ ಕಾಣುತ್ತಿತ್ತು.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ಟೆಲಿಸ್ಕೋಪನ್ನು ಯಾರಿಗಾದರೂ ಕೊಟ್ಟುಬಿಡುವ ಯೋಚನೆಯಲ್ಲಿದ್ದೇನೆ. ಬಲಗೈ ಮೇಲೇಳುವುದಿಲ್ಲ, ಕೊಳವೆ ಎತ್ತಬೇಕಾದರೆ ಮಗ ಬರುವ ತನಕ ಕಾಯಬೇಕು. ಅದಕ್ಕಿಂತ ಹೆಚ್ಚಾಗಿ, ನೋಡಬೇಕು ಅಂತ ಆಸೆಪಟ್ಟದ್ದನ್ನು ನೋಡಿ ಆಯಿತು ಅನ್ನಿಸುತ್ತಿದೆ. ಹಾಗಂತ ಕೆಟ್ಟು ಕೂತದ್ದನ್ನು ಇನ್ನೊಬ್ಬರ ಕೈಗೆ ಹಾಕಲು ಮನಸ್ಸಿಲ್ಲ. ಸರಿ ಮಾಡಿಯೇ ಕೊಡಬೇಕು. ಎಲ್ಲಿಂದ ಶುರು ಮಾಡಲಿ?

ಹೊಸೂರು ಲೇತ್:

ಸರ್, ಮೊದಲು ಕೊಲಿಮೇಷನ್, ಅಂದರೆ ಎರಡೂ ಕನ್ನಡಿ ಐಪೀಸಿನ ನೇರಕ್ಕೆ ಕೂತಿವೆಯಾ ಅಂತ ನೋಡಿಬಿಡಿ. ಹಳೆ ಫಿಲ್ಮ್ ಡಬ್ಬಿ ಇದ್ದರೆ ಅದರ ತಳಕ್ಕೆ ನಡುಮಧ್ಯ ಸಣ್ಣ ತೂತು ಮಾಡಿ, ಮುಚ್ಚಳ ತೆಗೆದು ಐಪೀಸಿನ ಜಾಗದಲ್ಲಿ ಕೂರಿಸಿ. ತೂತಿನಿಂದ ನೋಡಿದರೆ ಸಣ್ಣ ಕನ್ನಡಿಯೊಳಗೆ ದೊಡ್ಡ ಕನ್ನಡಿ ಪೂರ್ತಿ ಕಾಣಬೇಕು. ದೊಡ್ಡ ಕನ್ನಡಿಯ ನಡುವಿನ ಗುರುತು ತೂತಿನ ಪ್ರತಿಬಿಂಬದ ನಡುವೆಯೇ ಕೂರಬೇಕು.

ಕೊಡುವ ವಿಚಾರಕ್ಕೆ ಇಷ್ಟೇ ಹೇಳುತ್ತೇನೆ. ಕೈಯಿಂದ ಉಜ್ಜಿದ ಕನ್ನಡಿ ಸರ್ ಅದು. ಸ್ವಲ್ಪ ದಿನ ಬಿಟ್ಟು ನೋಡಿ. ಮತ್ತೆ ಬೇಕು ಅನ್ನಿಸಬಹುದು.

ಉಪ್ಪಳ ಟೀಚರ್:

ಕೊಲಿಮೇಷನ್ ತಪ್ಪಿದ್ದರೆ ನಕ್ಷತ್ರಕ್ಕೆ ಒಂದೇ ಕಡೆ ಬಾಲ ಬರುತ್ತದೆ. ಮೂರು ಮೂಲೆ ಅಂದ್ರೆ ಬೇರೆಯೇ ಕಾರಣ ಇರುತ್ತದೆ. ಕನ್ನಡಿ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂತ ನನ್ನ ಅನುಮಾನ. ಆದರೂ ಅಂದಾಜಿನ ಮೇಲೆ ಬಿಚ್ಚಬೇಡಿ. ಒಂದು ರಾತ್ರಿ ಸರಿಯಾಗಿ ಪರೀಕ್ಷೆ ಮಾಡಿ.

ಪುಸ್ತಕಗಳಲ್ಲಿ ಧ್ರುವ ನಕ್ಷತ್ರ ನೋಡಿ ಪರೀಕ್ಷಿಸಿ ಅಂತ ಇರುತ್ತದೆ, ಅದು ಕದಲುವುದಿಲ್ಲವಲ್ಲ. ನಮ್ಮ ಊರಿಗೆ ಅದು ಆಗುವ ಮಾತಲ್ಲ. ಕಾಸರಗೋಡಿನಲ್ಲಿ ಧ್ರುವ ದಿಗಂತದಿಂದ ಹನ್ನೆರಡೂವರೆ ಡಿಗ್ರಿ ಮೇಲೆ, ಅಷ್ಟೆ. ಅಡಿಕೆ ತೋಟದ ಹಿಂದೆ ಹೋಗಿರುತ್ತದೆ. ಕಂಡರೂ ಅಷ್ಟು ಕೆಳಗಿನ ಗಾಳಿಯಲ್ಲಿ ಬರೀ ಕುಣಿಯುತ್ತದೆ. ಈ ನವೆಂಬರ್‌ನಲ್ಲಿ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಪೂರ್ವಾಭಾದ್ರೆಯ ಮಾರ್ಕಾಬ್ ನಕ್ಷತ್ರ ನೆತ್ತಿಯ ಹತ್ತಿರ ಇರುತ್ತದೆ, ಅದನ್ನು ಹಿಡಿಯಿರಿ. ಟೆಲಿಸ್ಕೋಪನ್ನು ಒಂದು ಗಂಟೆ ಮೊದಲೇ ಹೊರಗಿಡಿ, ಗಾಜು ತಣಿಯಲಿ.

ಫೋಕಸನ್ನು ಸ್ವಲ್ಪ ಒಳಗೆ ತಳ್ಳಿ ಆಕಾರ ನೋಡಿ. ಆಮೇಲೆ ಅಷ್ಟೇ ಹೊರಗೆ ಎಳೆದು ನೋಡಿ. ಒಳಗೆ ಒಂದು ಕಡೆ ತಿರುಗಿದ ತ್ರಿಕೋನ, ಹೊರಗೆ ಅದೇ ತ್ರಿಕೋನ ತಲೆಕೆಳಗಾಗಿ ಕಂಡರೆ ಕನ್ನಡಿಯನ್ನು ಮೂರು ಕಡೆಯಿಂದ ಏನೋ ಒತ್ತುತ್ತಿದೆ. ಮೊಟ್ಟೆಯಾಕಾರ ಕಂಡು ಅದು ಅಡ್ಡದಿಂದ ಉದ್ದಕ್ಕೆ ತಿರುಗಿದರೆ ಅದು ಅಸ್ಟಿಗ್ಮಾಟಿಸಂ, ಅಂದರೆ ಅಡ್ಡಕ್ಕೊಂದು ಉದ್ದಕ್ಕೊಂದು ಬಾಗು ಇರುವ ದೋಷ. ಐಪೀಸನ್ನು ತಿರುಗಿಸಿ, ತಲೆಯನ್ನೂ ವಾಲಿಸಿ ನೋಡಿ. ಆಕಾರ ಅದರ ಜೊತೆ ತಿರುಗದಿದ್ದರೆ ನಿಮ್ಮ ಕಣ್ಣು, ಐಪೀಸು ಎರಡೂ ಸರಿ ಇವೆ ಅಂತ ಲೆಕ್ಕ.

ಆದೂರು ಹೊಸಬ:

ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರು ಮಾಡಬೇಡಿ. ನನ್ನ ಹತ್ತಿರ ಟೆಲಿಸ್ಕೋಪ್ ಇಲ್ಲ, ಗೆಳೆಯನ ಬೈನಾಕ್ಯುಲರ್ ಇದೆ. ಹಾಲಿನ ಸೊಸೈಟಿಯಲ್ಲಿ ಕೆಲಸ, ಬೆಳಗ್ಗೆ ನಾಲ್ಕೂವರೆಗೆ ಗುಡ್ಡೆ ಇಳಿದು ಬರುತ್ತೇನೆ. ಆಗ ದಕ್ಷಿಣದಲ್ಲಿ, ತುಂಬಾ ಮೇಲೇನೂ ಅಲ್ಲ, ಒಂದೇ ಒಂದು ಜೋರು ನಕ್ಷತ್ರ ಇರುತ್ತದೆ. ಅದು ಯಾವುದು? ಮತ್ತೆ ಶನಿಯ ಉಂಗುರ ಈ ವರ್ಷ ಕಾಣುವುದಿಲ್ಲ ಅಂತ ಯಾರೋ ಹೇಳಿದರು. ಮಾಷ್ಟ್ರ ಟೆಲಿಸ್ಕೋಪಿನಲ್ಲೂ ಕಾಣುವುದಿಲ್ವಾ?

ಪೆರ್ಲ ಮಾಷ್ಟ್ರು:

ಆದೂರಿನವರೇ, ಬೇಜಾರು ಎಂಥದ್ದು, ಕೇಳಿ. ಅದು ಅಗಸ್ತ್ಯ. ಆ ಹೊತ್ತಿಗೆ ಅದು ನೆಟ್ಟಗೆ ದಕ್ಷಿಣಕ್ಕೆ ಬಂದಿರುತ್ತದೆ, ದಿಗಂತದಿಂದ ಸುಮಾರು ೨೫ ಡಿಗ್ರಿ ಎತ್ತರ. ಶನಿಯ ಉಂಗುರದ ಅಂಚು ೨೦೨೫ರ ಮಾರ್ಚ್ ೨೩ಕ್ಕೆ ನಮ್ಮ ಕಡೆ ತಿರುಗಿತ್ತು. ೨೦೨೫ರ ಈ ನವೆಂಬರ್‌ನಲ್ಲೂ ಗೆರೆಯಷ್ಟೇ ತೆಳ್ಳಗಿರುತ್ತದೆ. ಎಷ್ಟು ದೊಡ್ಡ ಟೆಲಿಸ್ಕೋಪ್ ಇದ್ದರೂ ಅಷ್ಟೆ. ೨೦೩೨ರ ಹೊತ್ತಿಗೆ ಪೂರ್ತಿ ಅಗಲವಾಗಿ ತೆರೆದುಕೊಳ್ಳುತ್ತದೆ.

ಟೀಚರ್, ನೀವು ಹೇಳಿದ ಹಾಗೇ ಮಾಡಿದೆ. ಕೊಲಿಮೇಷನ್ ಸರಿ ಇದೆ. ಒಳಗೆ ಒಂದು ತ್ರಿಕೋನ, ಹೊರಗೆ ಅದೇ ತ್ರಿಕೋನ ತಲೆಕೆಳಗೆ. ಐಪೀಸ್ ತಿರುಗಿಸಿದರೂ ಕದಲಲಿಲ್ಲ.

ಹೊಸೂರು ಲೇತ್:

ಹಾಗಾದ್ರೆ ಟೀಚರ್ ಹೇಳಿದ್ದೇ ಸರಿ. ಕನ್ನಡಿಯ ಮುಖದ ಮೇಲೆ ಬರುವ ಮೂರು ಕ್ಲಿಪ್ ನೋಡಿ ಸರ್. ಕ್ಲಿಪ್ಪಿಗೂ ಗಾಜಿಗೂ ನಡುವೆ ಒಂದು ಕಾಗದ ಸಲೀಸಾಗಿ ಹೋಗಿ ಬರಬೇಕು. ಕ್ಲಿಪ್ ಇರುವುದು ಕನ್ನಡಿ ಮುಂದಕ್ಕೆ ಬೀಳದ ಹಾಗೆ ಕಾಯುವುದಕ್ಕೆ, ಹಿಡಿದುಕೊಳ್ಳುವುದಕ್ಕಲ್ಲ.

ಹಸಿರು ಬೆಳಕಿನ ಅಲೆಯುದ್ದ ಸುಮಾರು ೫೫೦ ನ್ಯಾನೊಮೀಟರ್. ಕನ್ನಡಿಯ ಮೈ ಅದರ ಎಂಟರಲ್ಲಿ ಒಂದು ಭಾಗದಷ್ಟು ಬಾಗಿದರೂ ಚಿತ್ರ ಕೆಡುತ್ತದೆ, ಯಾಕಂದ್ರೆ ಬೆಳಕು ಬಂದು ವಾಪಸ್ ಹೋಗುವುದರಿಂದ ತಪ್ಪು ಎರಡರಷ್ಟಾಗುತ್ತದೆ. ಅಷ್ಟು ಬಾಗಿಸಲು ಜಾಸ್ತಿ ಬಲ ಬೇಕಿಲ್ಲ.

ಪೆರ್ಲ ಮಾಷ್ಟ್ರು:

ಮಗ ಬಂದ. ಕನ್ನಡಿ ಹೊರಗೆ ತೆಗೆದೆವು. ಕ್ಲಿಪ್ ಸಡಿಲವಾಗಿಯೇ ಇತ್ತು, ಕಾಗದ ಹೋಯಿತು. ಆದರೆ ಕ್ಲಿಪ್ ಬಿಚ್ಚಿದ ಮೇಲೂ ಕನ್ನಡಿ ಗೂಡಿನಿಂದ ಬರಲೇ ಇಲ್ಲ. ಹಿಂದಿನಿಂದ ಬೆರಳು ಕೊಟ್ಟು, ಅಷ್ಟಷ್ಟೇ ತಿರುಗಿಸಿ ಎಬ್ಬಿಸಬೇಕಾಯಿತು.

ಬಿಡಿಯಾಗಿ ನಿಲ್ಲಿಸಿ, ಕನ್ನಡಿಯ ಮೈ ಸರಿ ಇದೆಯಾ ಅಂತ ನೆರಳಿನಿಂದ ನೋಡುವ ಫೂಕೋ ಪರೀಕ್ಷೆ ಮಾಡಿದೆ. ಕನ್ನಡಿಯಿಂದ ೨೪೦೦ ಮಿ.ಮೀ. ದೂರದಲ್ಲಿ ಸಣ್ಣ ತೂತಿನ ಬಲ್ಬು, ಪಕ್ಕದಲ್ಲಿ ಕ್ಷೌರದ ಬ್ಲೇಡು. ಬ್ಲೇಡು ಬೆಳಕನ್ನು ಕತ್ತರಿಸುವಾಗ ನೆರಳು ಕನ್ನಡಿಯ ಮೇಲೆ ನುಣ್ಣಗೆ ಹರಡಿತು. ಎಲ್ಲೂ ಗುಡ್ಡೆ, ಹೊಂಡ ಇಲ್ಲ. ಗಾಜು ಉಜ್ಜಿದ ದಿನ ಹೇಗಿತ್ತೋ ಹಾಗೇ ಇದೆ. ಅದನ್ನು ನೋಡಿ ಮನಸ್ಸಿಗೆ ತುಂಬಾ ಸಮಾಧಾನ ಆಯಿತು.

ಕನ್ನಡಿಯ ಸುತ್ತ ಮೂರು ಮರದ ತುಂಡು ಇವೆ, ಪಕ್ಕಕ್ಕೆ ಜಾರದ ಹಾಗೆ. ಒಂದೊಂದು ತುಂಡಿನ ಮೇಲೂ ಉಗುರಿನಷ್ಟು ಜಾಗ ಮಿರಮಿರ ಹೊಳೆಯುತ್ತಿದೆ. ಗಾಜಿನ ಅಂಚು ಒತ್ತಿ ಒತ್ತಿ ವಾರ್ನಿಷ್ ನುಣುಪಾದದ್ದು.

ಬದಿಯಡ್ಕ ಮರಗೆಲಸ:

ನಮಸ್ಕಾರ ಮಾಷ್ಟ್ರೇ. ನನಗೆ ಟೆಲಿಸ್ಕೋಪ್ ಗೊತ್ತಿಲ್ಲ, ನಾನು ಬಾಗಿಲು ಕಿಟಕಿ ಮಾಡುವವ. ಎರಡು ಪ್ರಶ್ನೆ. ಆ ತುಂಡು ಯಾವ ಮರ? ಯಾವ ತಿಂಗಳಲ್ಲಿ ಕೂರಿಸಿದ್ದು?

ಪೆರ್ಲ ಮಾಷ್ಟ್ರು:

ಹಲಸು. ಹಳೆಯದಕ್ಕೆ ಗೆದ್ದಲು ಹಿಡಿದಿತ್ತು. ಕಳೆದ ಏಪ್ರಿಲ್‌ನಲ್ಲಿ ಹೊಸದು ಹಾಕಿದ್ದು.

ಬದಿಯಡ್ಕ ಮರಗೆಲಸ:

ಅಷ್ಟೇ ಮಾರಾಯ್ರೆ, ಸಿಕ್ಕಿತು. ಏಪ್ರಿಲ್‌ನಲ್ಲಿ ಸಲೀಸಾಗಿ ಹಾಕುವ ಬಾಗಿಲು ಆಟಿಯ ಮಳೆಯಲ್ಲಿ ಒದ್ದರೂ ಹಾಕಲು ಬರುವುದಿಲ್ಲವಲ್ಲ, ಇದೂ ಅದೇ. ಒಣ ಹವೆಯಲ್ಲಿ ಕಟ್ಟುನಿಟ್ಟಾಗಿ ಕೂರಿಸಿದ ತುಂಡು ಮಳೆಗಾಲದ ಪಸೆ ಕುಡಿದು ಉಬ್ಬಿದೆ. ಉಬ್ಬಲು ಜಾಗ ಇಲ್ಲ, ಹಾಗಾಗಿ ಗಾಜನ್ನು ಒತ್ತಿದೆ.

ಮರ ಎಲ್ಲ ಕಡೆಗೂ ಒಂದೇ ರೀತಿ ಉಬ್ಬುವುದಿಲ್ಲ. ಎಳೆಯ ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಬೆಳೆಯುವುದಿಲ್ಲ. ಬೆಳೆಯುವುದು ಎಳೆಗೆ ಅಡ್ಡಲಾಗಿ. ನಿಮ್ಮ ತುಂಡಿನ ದಪ್ಪ ೪೦ ಮಿ.ಮೀ. ಅಂತ ಇಟ್ಟುಕೊಳ್ಳಿ. ನೂರಕ್ಕೆ ಒಂದರಷ್ಟು ಉಬ್ಬಿದರೂ ೦.೪ ಮಿ.ಮೀ. ಆಯಿತು. ಎಳೆ ಯಾವ ದಿಕ್ಕಿಗಿದೆ ನೋಡಿ. ಕೊಳವೆಯ ಉದ್ದಕ್ಕೆ ಎಳೆ ಹೋಗಿದ್ದರೆ ಅಡ್ಡ ಉಬ್ಬೆಲ್ಲ ಕನ್ನಡಿಯ ಕಡೆಗೇ ಬರುತ್ತದೆ.

ಹೊಸದು ಕಡಿಯುವಾಗ ಎಳೆಯ ತುದಿ ಕನ್ನಡಿಯ ಅಂಚಿಗೆ ಮುಖ ಮಾಡುವ ಹಾಗೆ ಇಡಿ. ಆ ತುದಿಗೆ ಎರಡು ಸಲ ಜಾಸ್ತಿ ವಾರ್ನಿಷ್ ಹೊಡೆಯಿರಿ, ಮರ ನೀರು ಕುಡಿಯುವುದೇ ಅಲ್ಲಿಂದ. ಗೇರೆಣ್ಣೆ ಮಾತ್ರ ಹಾಕಬೇಡಿ. ದೋಣಿಗೆ, ಮಾಡಿನ ಪಕ್ಕಾಸಿಗೆ ಅದು ಒಳ್ಳೆಯದು. ಇಲ್ಲಿ ಬೇಡ, ಅಂಟು ಉಳಿಯುತ್ತದೆ, ಕೈಯೂ ಸುಡುತ್ತದೆ.

ಹೊಸೂರು ಲೇತ್:

ಅಣ್ಣ, ಇದು ನನಗೆ ಹೊಳೆಯಲೇ ಇಲ್ಲ. ನಮ್ಮದು ಒಣ ಊರು. ನಾನಾಗಿದ್ದರೆ ಮರ ತೆಗೆದು ಅಲ್ಯುಮಿನಿಯಂ ಆಂಗಲ್ ಹಾಕಿ, ನೈಲಾನ್ ಬೋಲ್ಟ್ ಕೊಡುತ್ತಿದ್ದೆ. ಬೇಕಾದರೆ ಮೂರು ಆಂಗಲ್ ಮಾಡಿ ಕೊರಿಯರ್ ಮಾಡುತ್ತೇನೆ ಸರ್, ದುಡ್ಡು ಬೇಡ.

ಉಪ್ಪಳ ಟೀಚರ್:

ಯಾವುದೇ ಹಾಕಿ, ಪಕ್ಕದಲ್ಲಿ ಒಂದು ಪೋಸ್ಟ್‌ಕಾರ್ಡ್ ಹೋಗುವಷ್ಟು ಸಂದು ಬಿಡಿ. ಅಲ್ಲಾಡಿಸಿದರೆ ಕನ್ನಡಿ ಒಂಚೂರು ಟಕ್ ಅನ್ನಬೇಕು. ಸದ್ದಿಗೆ ಹೆದರಿ ಫೆಲ್ಟ್ ಬಟ್ಟೆ ತುರುಕಬೇಡಿ, ಪಸೆ ಹಿಡಿದು ಬೂಸ್ಟು ಬರುತ್ತದೆ.

ಕನ್ನಡಿ ಹೇಗೂ ಹೊರಗಿದೆ, ತೊಳೆದೇ ಒಳಗಿಡಿ. ಮೊದಲು ಸಣ್ಣಗೆ ನೀರು ಬಿಟ್ಟು ಧೂಳು ಹೋಗಲಿ. ಆಮೇಲೆ ಬೇಸಿನ್ನಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು, ನೀರೊಳಗೇ ಹತ್ತಿಯನ್ನು ಅದರ ಭಾರಕ್ಕೇ ಎಳೆಯಿರಿ. ಬೆರಳಿನಿಂದ ಒತ್ತಬಾರದು. ಪ್ರತಿ ಎಳೆತಕ್ಕೂ ಹೊಸ ಹತ್ತಿ. ಕೊನೆಗೆ ಡಿಸ್ಟಿಲ್ಡ್ ವಾಟರ್ ಹೊಯ್ದು ಓರೆಯಾಗಿ ನಿಲ್ಲಿಸಿ, ತಾನಾಗಿ ಒಣಗಲಿ. ಒಣ ಬಟ್ಟೆಯಲ್ಲಿ ಒರೆಸಿದರೆ ಅಲ್ಯುಮಿನಿಯಂ ಲೇಪಕ್ಕೆ ಗೀರು ಬೀಳುತ್ತದೆ.

ಇನ್ನು ಕೊಡುವ ಮಾತು. ಬೇಡ ಅಂತ ನಾನು ಹೇಳುವುದಿಲ್ಲ ಮಾಷ್ಟ್ರೇ. ಸಾಕು ಅಂತ ನಿಮಗೆ ಅನ್ನಿಸಿದ್ದನ್ನು ಬೇರೆಯವರು ಯಾಕೆ ಅಲ್ಲ ಅನ್ನಬೇಕು? ಆದರೆ ಶಾಲೆಗೆ ಕೊಡುವ ಯೋಚನೆ ಇದ್ದರೆ ಎರಡು ಸಲ ಯೋಚಿಸಿ. ನಾನೂ ಶಾಲೆಯಲ್ಲೇ ಇರುವವಳು. ನೋಡಿಕೊಳ್ಳುವ ಒಬ್ಬರು ವರ್ಗ ಆಗಿ ಹೋದರೆ ಕಪಾಟಿನ ಬೀಗ ತೆಗೆಯುವವರೇ ಇರುವುದಿಲ್ಲ. ಹೊತ್ತು ಅಂಗಳಕ್ಕೆ ತರುವ ಒಬ್ಬ ಮನುಷ್ಯನ ಕೈಗೆ ಕೊಡಿ.

ಪೆರ್ಲ ಮಾಷ್ಟ್ರು:

ಎಳೆ ಕೊಳವೆಯ ಉದ್ದಕ್ಕೇ ಇತ್ತು. ಬದಿಯಡ್ಕದವರು ನೋಡದೆಯೇ ಹೇಳಿದರು, ತುಂಬಾ ಉಪಕಾರ ಆಯಿತು. ಎಳೆ ತಿರುಗಿಸಿ ಹೊಸ ತುಂಡು ಕಡಿಸಿದೆ, ಪೋಸ್ಟ್‌ಕಾರ್ಡ್ ಇಟ್ಟು ಕೂರಿಸಿದೆ. ಕನ್ನಡಿಯನ್ನೂ ತೊಳೆದೆ. ನಿನ್ನೆ ರಾತ್ರಿ ಮಾರ್ಕಾಬ್ ಒಳಗೂ ಹೊರಗೂ ದುಂಡಗೆ, ಸುತ್ತ ಬಳೆಬಳೆಯಾಗಿ ಕಂಡಿತು. ಫೋಕಸಿಗೆ ತಂದಾಗ ಸಣ್ಣ ಚುಕ್ಕೆ, ಒಂದು ತೆಳು ಬಳೆ.

ಹೊಸೂರಿನವರೇ, ಆಂಗಲ್ ಬೇಡ ಅಂದೆ ಅಂತ ತಪ್ಪು ತಿಳಿಯಬೇಡಿ. ನಿಮ್ಮದು ಇದಕ್ಕಿಂತ ಗಟ್ಟಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಮುಂದೆ ಇದನ್ನು ಇಟ್ಟುಕೊಳ್ಳುವವರು ಒಂದು ಗರಗಸ, ಒಂದು ಉಜ್ಜುಕಾಗದದಲ್ಲಿ ರಿಪೇರಿ ಮಾಡಿಕೊಳ್ಳುವಂತೆ ಇರಬೇಕು ಅಂತ ನನ್ನ ಆಸೆ. ಹಾಗಾಗಿ ಮರವೇ ಇರಲಿ.

ಡಾಬ್ಸನ್ ಅವರ ಮಾದರಿ ನನಗೆ ಇಷ್ಟವಾಗಿದ್ದೂ ಇದಕ್ಕೇ. ಜಾನ್ ಡಾಬ್ಸನ್ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ಆಶ್ರಮದಲ್ಲಿ ಸನ್ಯಾಸಿಯಾಗಿದ್ದವರು. ೧೯೬೭ರಲ್ಲಿ ಆಶ್ರಮ ಬಿಡಬೇಕಾಗಿ ಬಂದ ಮೇಲೆ ಬೀದಿ ಬದಿಯಲ್ಲಿ ಟೆಲಿಸ್ಕೋಪ್ ಇಟ್ಟು ದಾರಿಹೋಕರಿಗೆ ಆಕಾಶ ತೋರಿಸಿದರು. ಹಡಗಿನ ಕಿಟಕಿಯ ಗಾಜು, ಪ್ಲೈವುಡ್, ರಟ್ಟಿನ ಕೊಳವೆ, ಇಷ್ಟರಲ್ಲೇ ಟೆಲಿಸ್ಕೋಪ್ ಕಟ್ಟುವುದನ್ನು ಎಲ್ಲರಿಗೂ ಕಲಿಸಿದರು.

ಈ ಟೆಲಿಸ್ಕೋಪಿನ ದೊಡ್ಡ ದಿನ ಅಂದರೆ ೨೦೧೯ರ ಡಿಸೆಂಬರ್ ೨೬. ಕಂಕಣ ಗ್ರಹಣ ನಮ್ಮ ಜಿಲ್ಲೆಯ ಮೇಲೆಯೇ ಹಾದುಹೋಯಿತಲ್ಲ. ಕೊಳವೆಯ ಬಾಯಿಗೆ ರಟ್ಟು ಮುಚ್ಚಿ ಸಣ್ಣ ತೂತು ಬಿಟ್ಟು, ಐಪೀಸಿನಿಂದ ಬಿಳಿ ಹಾಳೆಯ ಮೇಲೆ ಸೂರ್ಯನನ್ನು ಬೀಳಿಸಿದ್ದೆ. ಐಪೀಸಿಗೆ ಯಾರೂ ಕಣ್ಣಿಡದ ಹಾಗೆ ಪಕ್ಕದಲ್ಲೇ ಕೂತಿದ್ದೆ. ಒಂಬತ್ತೂವರೆಯ ಸುಮಾರಿಗೆ ಹಾಳೆಯ ಮೇಲೆ ಬಳೆ ಪೂರ್ತಿಯಾಯಿತು. ತೋಟದ ಕೆಲಸಕ್ಕೆ ಬಂದವರು, ಪಕ್ಕದ ಮನೆಯವರು ಎಲ್ಲ ಹಾಳೆಯ ಸುತ್ತ ಬಗ್ಗಿ ನಿಂತಿದ್ದರು. ಒಂದು ಮಗು ಬಳೆಯ ಮೇಲೆ ಬೆರಳಿಟ್ಟಿತು, ಬೆರಳಿನ ಮೇಲೆಯೇ ಬಳೆ ಬಿತ್ತು. ಅಷ್ಟು ಸಿಕ್ಕಿದ ಮೇಲೆ ನನಗೆ ಕೊರತೆ ಅಂತ ಏನೂ ಇಲ್ಲ.

ಆದೂರಿನವರೇ, ದಿನಾ ನಾಲ್ಕೂವರೆಗೆ ಆಕಾಶದ ಕೆಳಗೆ ನಡೆಯುವವರು ನೀವು. ಹೆದ್ದಾರಿಯ ದೀಪ ನಿಮ್ಮ ಗುಡ್ಡೆಯ ತನಕ ಬರುವುದಿಲ್ಲ. ನಿಮಗೆ ಬೇಕಾ?

ಆದೂರು ಹೊಸಬ:

ಮಾಷ್ಟ್ರೇ, ಏನು ಹೇಳಬೇಕು ಗೊತ್ತಾಗುತ್ತಿಲ್ಲ. ಬೇಕು. ಆದರೆ ಸುಮ್ನೆ ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ. ಎಷ್ಟು ಕೊಡಬೇಕು ಹೇಳಿ. ಕಂತಿನಲ್ಲಾದರೂ ಕೊಡುತ್ತೇನೆ.

ಪೆರ್ಲ ಮಾಷ್ಟ್ರು:

ದುಡ್ಡು ಬೇಡ. ಕನ್ನಡಿ ಉಜ್ಜುವ ಪುಡಿ ಸ್ವಲ್ಪ ಉಳಿದಿದೆ, ಫೂಕೋ ಪರೀಕ್ಷೆಯ ಸಾಮಾನು ಇದೆ. ಅದನ್ನೂ ತೆಗೆದುಕೊಂಡು ಹೋಗಿ. ಮುಂದೊಂದು ದಿನ ಉಜ್ಜಬೇಕು ಅನ್ನಿಸಿದರೆ ಬನ್ನಿ. ಕೈ ಎತ್ತಲು ಆಗದಿದ್ದರೂ ಹೇಳಿಕೊಡಲು ಆಗುತ್ತದೆ.

ಭಾನುವಾರ ಮಧ್ಯಾಹ್ನ ಊಟಕ್ಕೇ ಬನ್ನಿ. ಪಿಕಪ್ ತನ್ನಿ, ಆಟೋದಲ್ಲಿ ಕೊಳವೆ ಹಿಡಿಯುವುದಿಲ್ಲ. ಕನ್ನಡಿಯನ್ನು ಗೂಡಿನ ಸಮೇತ ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ಕೊಡುತ್ತೇನೆ. ಅದನ್ನು ಹಿಂದೆ ಇಡಬೇಡಿ, ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಮನೆಗೆ ಹೋಗಿ ಜೋಡಿಸಿದ ಮೇಲೆ ಕೊಲಿಮೇಷನ್ ಮತ್ತೆ ಮಾಡಬೇಕಾಗುತ್ತದೆ. ಹೊಸೂರಿನವರು ಮೇಲೆ ಬರೆದಿದ್ದಾರಲ್ಲ, ಆ ಫಿಲ್ಮ್ ಡಬ್ಬಿಯನ್ನೂ ಪೆಟ್ಟಿಗೆಯಲ್ಲೇ ಹಾಕಿರುತ್ತೇನೆ.