ಹಳೆಯ ಫೈನ್‌ವೆರ್ಕ್‌ಬೌ 300ಎಸ್: ಯಾವ ಪೆಲೆಟ್ ಸರಿಹೊಂದುತ್ತೆ ಅಂತ ತೀರ್ಮಾನಿಸೋದು ಹೇಗೆ?

ಮಲ್ಲೇಶ್ವರ_177
.177 (4.5 ಮಿ.ಮೀ.) ಸೈಡ್ ಲಿವರ್ ಏರ್ ರೈಫಲ್ (ಪಕ್ಕದ ಲಿವರ್ ಎಳೆದು ಸ್ಪ್ರಿಂಗ್ ಬಿಗಿಸುವಂಥದ್ದು), 10 ಮೀಟರ್, ಮರಳು ಚೀಲದ ಆಸರೆ. ಮೂರು ಬಗೆಯ ಪೆಲೆಟ್ ಇವೆ: 0.53 ಗ್ರಾಂ, ತಲೆ 4.50 ಮಿ.ಮೀ.; ಅದೇ ತೂಕ, ತಲೆ 4.49, ಮತ್ತೆ 0.45 ಗ್ರಾಂನ ಪಿಸ್ತೂಲ್ ಪೆಲೆಟ್. ಒಂದೊಂದರಲ್ಲೂ ಐದೈದು ಹೊಡೆದು ಹೋಲಿಸಿದರೆ ಇವತ್ತು ಗೆದ್ದದ್ದು ನಾಳೆ ಕೊನೆಗೆ ಬೀಳುತ್ತೆ. ಆಗಾಗ ಒಂದು ಪೆಲೆಟ್ 8–9 ಮಿ.ಮೀ. ಆಚೆ ಹೋಗುತ್ತೆ. ಬ್ಯಾರಲ್ ಸವೆದಿರಬಹುದಾ? ಸ್ಪ್ರಿಂಗ್ ಹೋಗಿದೆಯಾ?

ವಿಜಯನಗರ_ಸ್ಪ್ರಿಂಗ್
ಬ್ಯಾರಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಸರ್. ಈ ವೇಗದಲ್ಲಿ ಮೆತ್ತನೆ ಸೀಸದಿಂದ ಉಕ್ಕು ಸವೆಯೋದು ಅಪರೂಪ. ಸ್ಪ್ರಿಂಗ್ ಮೇಲಿನ ಅನುಮಾನವನ್ನೂ ಲೆಕ್ಕ ಹಾಕಿ ನೋಡಿ. ವೇಗ ಸೆಕೆಂಡಿಗೆ 170 ಮೀಟರ್ ಆಸುಪಾಸು ಅಂದರೆ 10 ಮೀಟರಿಗೆ ಪೆಲೆಟ್ ಸುಮಾರು 17–18 ಮಿ.ಮೀ. ಇಳಿಯುತ್ತೆ. ವೇಗ 5 ಮೀಟರ್ ಹೆಚ್ಚುಕಮ್ಮಿ ಆದರೂ ಏರಿಳಿತ 1 ಮಿ.ಮೀ. ಅಷ್ಟೇ, ಅದೂ ಮೇಲೆ-ಕೆಳಗೆ ಮಾತ್ರ. 9 ಮಿ.ಮೀ. ಪಕ್ಕಕ್ಕೆ ಹೋಗಿದ್ದರೆ ಏನೋ ಸಡಿಲ ಇದೆ, ಇಲ್ಲವೇ ಆ ಪೆಲೆಟ್ಟೇ ನಜ್ಜಾಗಿದೆ.

ಮೊದಲು ಗುರಿ ಹಿಡಿಯುವ ಹಿಂದಿನ ಸೈಟ್‌ನ ಕ್ಲ್ಯಾಂಪ್ ಸ್ಕ್ರೂ, ಮುಂದಿನ ಸೈಟ್, ಸ್ಟಾಕ್ (ಮರದ ಭಾಗ) ಸ್ಕ್ರೂಗಳು, ಇಷ್ಟನ್ನು ನೋಡಿ. ಆಮೇಲೆ ಬ್ರೀಚ್ (ಪೆಲೆಟ್ ತುಂಬುವ ಬ್ಯಾರಲ್ ಹಿಂತುದಿ) ಸೀಲ್: ಬ್ರೀಚ್ ಜೋಡಣೆಯ ಮೇಲೆ ಟಿಶ್ಯೂ ಕಾಗದದ ಸಣ್ಣ ಚೂರು ಇಟ್ಟು ಟ್ರ್ಯಾಪ್‌ಗೆ ಒಂದು ಪೆಲೆಟ್ ಹೊಡೆಯಿರಿ. ಚೂರು ಹಾರಿದರೆ ಗಾಳಿ ಸೋರುತ್ತಿದೆ. ಪೆಲೆಟ್ ಇಲ್ಲದೆ ಮಾತ್ರ ಹೊಡೆಯಬೇಡಿ, ಗಾಳಿಯ ತಡೆ ಸಿಗದೆ ಪಿಸ್ಟನ್ ಹೋಗಿ ಬಡಿಯುತ್ತೆ. ಕಂಪ್ರೆಷನ್ ಚೇಂಬರ್‌ಗೆ ಎಣ್ಣೆ ಹನಿಸುವುದೂ ಬೇಡ. ಅದು ಹೊತ್ತಿಕೊಂಡರೆ ವೇಗ ಸಿಕ್ಕಾಪಟ್ಟೆ ಏರಿಳಿಯುತ್ತೆ.

ಈ ರೈಫಲ್‌ನಲ್ಲಿ ಹೊಡೆದಾಗ ಬ್ಯಾರಲ್ ಸಮೇತ, ಸ್ಪ್ರಿಂಗ್-ಪಿಸ್ಟನ್ ಇರುವ ಇಡೀ ಆ್ಯಕ್ಷನ್ ಸ್ಟಾಕ್‌ನೊಳಗಿನ ಹಳಿಗಳ ಮೇಲೆ ಹಿಂದೆ ಜಾರುತ್ತೆ, ಹಾಗಾಗಿ ಭುಜಕ್ಕೆ ಒದೆತ ಬರಲ್ಲ. ಒದೆತ ಗೊತ್ತಾಗುತ್ತಿದ್ದರೆ ಹಳಿ ಒಣಗಿದೆ ಅಥವಾ ಕೊಳೆ ಕೂತಿದೆ. ಚೀಲ ಸ್ಟಾಕ್‌ನ ಮರದ ಕೆಳಗೇ ಇರಲಿ, ಬ್ಯಾರಲ್‌ಗೆ ತಾಗಬಾರದು.

ಬಸವನಗುಡಿ_ಟಾರ್ಗೆಟ್
ನನ್ನ ಪ್ರಕಾರ ಅಸಲಿ ತೊಂದರೆ ಐದೇಟಿನ ಹೋಲಿಕೆಯಲ್ಲೇ ಇದೆ. ಒಂದು ಪೆಲೆಟ್‌ನ ಐದೇಟಿನ ಗ್ರೂಪ್ (ಅತಿ ದೂರದ ಎರಡು ತೂತುಗಳ ನಡುವಿನ ಅಂತರ) ಸರಾಸರಿ 4 ಮಿ.ಮೀ. ಅಂದುಕೊಳ್ಳಿ. ಏನೂ ಬದಲಾಗದಿದ್ದರೂ ಒಂದು ಸಲ 3 ಬರುತ್ತೆ, ಇನ್ನೊಂದು ಸಲ 5. ನಿಮ್ಮ ಗೆಲುವು-ಸೋಲು ಬಹುಪಾಲು ಅದೇ.

ಒಂದೊಂದು ಬಗೆಯಲ್ಲೂ ಹತ್ತೇಟಿನ ಐದು ಗ್ರೂಪ್ ಹೊಡೆಯಿರಿ. ಬಗೆ ಬದಲಿಸಿದಾಗ ಮೊದಲ 10–15 ಪೆಲೆಟ್ ಲೆಕ್ಕಕ್ಕೆ ಬೇಡ, ಹಿಂದಿನ ಪೆಲೆಟ್‌ನ ಲೇಪ ಬ್ಯಾರಲ್‌ನಲ್ಲಿ ಉಳಿದಿರುತ್ತೆ. ಸರದಿಯನ್ನೂ ಅದಲುಬದಲು ಮಾಡಿ. ಒಂದೇ ಬಗೆ ಯಾವಾಗಲೂ ಕೊನೆಗೆ ಬಂದರೆ ನಿಮ್ಮ ಕಣ್ಣಿನ ದಣಿವೆಲ್ಲ ಅದರ ತಲೆಗೆ ಕಟ್ಟಿದ ಹಾಗಾಗುತ್ತೆ. ಅಳೆಯೋದಕ್ಕೆ ಎಸ್.ಪಿ. ರಸ್ತೆಯಲ್ಲಿ ಸಿಗುವ ಡಿಜಿಟಲ್ ಕ್ಯಾಲಿಪರ್ ಸಾಕು: ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆಯಿರಿ. ಆಚೆ ಹೋದ ಏಟನ್ನು ಕೈಬಿಡಬೇಡಿ, ಅದನ್ನೂ ಸೇರಿಸಿಯೇ ಸರಾಸರಿ ತೆಗೆಯಿರಿ.

ಮಹಡಿ ಮೇಲೆ ಪರೀಕ್ಷೆ ಬೇಡ. ಆಷಾಢದ ಗಾಳಿಗೆ 10 ಮೀಟರಿನಲ್ಲೂ ಈ ಹಗುರ ಪೆಲೆಟ್ ಸರಿಯುತ್ತೆ. ಪ್ರತಿ ಪೆಲೆಟ್‌ನ ಸ್ಕರ್ಟ್ (ಹಿಂಬದಿಯ ಟೊಳ್ಳು ಅಂಚು) ಬೆಳಕಿಗೆ ಹಿಡಿದು ನೋಡಿ. ಅಂಚು ಚಪ್ಪಟೆಯಾಗಿದ್ದರೆ, ಮಳೆಗಾಲದ ತೇವಕ್ಕೆ ಬಿಳಿ ಪುಡಿ ಕಟ್ಟಿದ್ದರೆ ಪಕ್ಕಕ್ಕಿಡಿ, ಕೈ ತೊಳೆಯಿರಿ. ತುಂಬುವಾಗ ಲಿವರ್ ಕೈಯಲ್ಲೇ ಇರಲಿ.

ಮಲ್ಲೇಶ್ವರ_177
ಹಿಂದಿನ ಸೈಟ್‌ನ ಕ್ಲ್ಯಾಂಪ್ ಸ್ಕ್ರೂ ಕಾಲು ಸುತ್ತು ಸಡಿಲ ಇತ್ತು. ಬಿಗಿ ಮಾಡಿದ ಮೇಲೆ ಆಚೆ ಹೋಗೋದು ನಿಂತಿದೆ. ಕಾಗದದ ಚೂರು ಹಾರಲಿಲ್ಲ. ಹತ್ತೇಟಿನ ಸರಾಸರಿ: 4.50ಕ್ಕೆ 3.6 ಮಿ.ಮೀ., 4.49ಕ್ಕೆ 3.9, ಪಿಸ್ತೂಲ್ ಪೆಲೆಟ್‌ಗೆ 5.8. ಹಾಗಾದರೆ 4.50 ಖಾಯಂ ಮಾಡಲಾ?

ಬಸವನಗುಡಿ_ಟಾರ್ಗೆಟ್
ಪಿಸ್ತೂಲ್ ಪೆಲೆಟ್ ಬಿಡಬಹುದು, ಅಷ್ಟು ಅಂತರ ಆಕಸ್ಮಿಕ ಅಲ್ಲ. ಉಳಿದೆರಡರ ನಡುವಿನ 0.3 ಮಿ.ಮೀ. ಮಾತ್ರ ಐದು ಗ್ರೂಪ್‌ಗಳಲ್ಲಿ ತಾನಾಗಿಯೇ ಬರುವಷ್ಟು ಚಿಕ್ಕದು. ಎರಡರಲ್ಲಿ ಯಾವುದು ಸುಲಭವಾಗಿ ಸಿಗುತ್ತೋ ಅದನ್ನು ತಗೊಳ್ಳಿ, ಆದರೆ ಟಿನ್ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ನೋಡಿ, ಒಂದೇ ಲಾಟ್‌ನ ಹಲವು ಟಿನ್ ಒಟ್ಟಿಗೇ ತಂದಿಡಿ. ಲಾಟ್ ಬದಲಾದರೆ 4.50 ಅಂತ ಬರೆದಿದ್ದರೂ ಪರೀಕ್ಷೆ ಮತ್ತೆ ಮೊದಲಿಂದ.