ಕುಲಪತಿ ಕಚೇರಿಯಲ್ಲಿ ಒಂದು ವರ್ಷದ ಫೆಲೋಶಿಪ್: ಒಪ್ಪಿಕೊಳ್ಳಲೇ?

ಪ್ರಶ್ನೆ: ಸಹಾಯಕ ಪ್ರಾಧ್ಯಾಪಕಿ, ರಸಾಯನಶಾಸ್ತ್ರ, ರಾಯಚೂರು

ಎಲ್ಲರಿಗೂ ನಮಸ್ಕಾರ್ರಿ. ಗುಂಪಿನಲ್ಲಿರುವ ಹಿರಿಯ ಕುಲಸಚಿವ ಸರ್ ಅವರಿಗೆ ಈ ಪ್ರಶ್ನೆ. ನಾನು ಪಾಠ ಮಾಡುವ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಿಗೆ ಒಂದು ವರ್ಷದ ಫೆಲೋಶಿಪ್ ಶುರು ಮಾಡುವ ಮಾತು ನಡೆದಿದೆ. ಅರ್ಧ ದಿನ ಕುಲಪತಿಗಳ ಕಚೇರಿಯಲ್ಲಿ ಆಡಳಿತ ಕಲಿಯಬೇಕು, ಜೊತೆಗೆ ಸುತ್ತಲಿನ ಸರ್ಕಾರಿ ಪ್ರೌಢಶಾಲೆಗಳ ಜೊತೆ ವಿಶ್ವವಿದ್ಯಾಲಯದ ನಂಟು ಬೆಳೆಸಬೇಕು. ಹೆಸರು ಕೊಡಿ ಅಂತ ವಿಭಾಗದ ಮುಖ್ಯಸ್ಥರು ಹೇಳಿದ್ದಾರೆ. ಆಸೆ ಇದೆ. ಆದರೆ "ಕಚೇರಿಗೆ ಹೋದ್ರ ಸಿಎಎಸ್ (ಅಧ್ಯಾಪಕರ ವೃತ್ತಿ ಬಡ್ತಿ ಯೋಜನೆ) ಬಡ್ತಿಗೆ ಪೆಟ್ಟು ಬೀಳ್ತದ, ರಿಸರ್ಚ್ ನಿಂತು ಹೋಗ್ತದ" ಅಂತ ಸಹೋದ್ಯೋಗಿಗಳು ಹೆದರಿಸ್ತಾರೆ. ನನ್ನ ಬಳಿ ಇಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳೂ ಇದ್ದಾರೆ. ಒಪ್ಪಿಕೊಳ್ಳಲೇ ಸರ್? ಒಪ್ಪುವುದಾದರೆ ಮೊದಲು ಏನು ಕೇಳಬೇಕು?

ಉತ್ತರ: ನಿವೃತ್ತ ಪ್ರಾಧ್ಯಾಪಕ, ಮಾಜಿ ಕುಲಸಚಿವ (ಮೌಲ್ಯಮಾಪನ), ಬಳ್ಳಾರಿ

ಒಪ್ಪಿಕೊಳ್ಳಿ ಮೇಡಂ. ಆದರೆ ಬಾಯಿಮಾತಿನ ಮೇಲೆ ಒಂದು ದಿನವೂ ಕಚೇರಿಯಲ್ಲಿ ಕೂರಬೇಡಿ. ಲಿಖಿತ ಆದೇಶ ಬರಲಿ, ಅದರಲ್ಲಿ ನಿಮ್ಮ ಬೋಧನಾ ಅವಧಿ ವಾರಕ್ಕೆ ಎಷ್ಟು ಗಂಟೆಗೆ ಇಳಿದಿದೆ ಎಂದು ಅಂಕಿಯಲ್ಲೇ ಇರಲಿ.

ಬಡ್ತಿಯ ಭಯ ಹುಟ್ಟುವುದೇ ಇಲ್ಲಿ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಬೋಧನೆ. ಸಿಎಎಸ್‌ಗೆ ನೋಡುವುದು ನಿಮಗೆ ವಹಿಸಿದ ತರಗತಿಗಳಲ್ಲಿ ನೀವು ತೆಗೆದುಕೊಂಡದ್ದು ಶೇಕಡ ಎಷ್ಟು ಎಂಬುದನ್ನು. ಶೇ. 80 ದಾಟಿದರೆ 'ಉತ್ತಮ', 70ರಿಂದ 80ರೊಳಗೆ 'ತೃಪ್ತಿಕರ', 70ಕ್ಕಿಂತ ಕಡಿಮೆಯಾದರೆ ತೊಂದರೆ. ಆದೇಶದ ಮೂಲಕ 16 ಗಂಟೆ 8ಕ್ಕೆ ಇಳಿದಿದ್ದರೆ ಆ 8 ಗಂಟೆಯನ್ನು ಪೂರ್ತಿ ಮಾಡಿ ನೀವು ನಿಶ್ಚಿಂತೆಯಿಂದ ಇರಬಹುದು. ಆದೇಶವಿಲ್ಲದೆ ವೇಳಾಪಟ್ಟಿಯಲ್ಲಿ 16 ಗಂಟೆ ಹಾಗೇ ಉಳಿದು, ನೀವು ಸಭೆಗಳಲ್ಲಿ ಕುಳಿತಿದ್ದರೆ ಕಾಗದದ ಮೇಲೆ ನೀವು ಅರ್ಧ ತರಗತಿ ತಪ್ಪಿಸಿದ ಅಧ್ಯಾಪಕಿ. ಐದು ವರ್ಷದ ನಂತರ ಕೂರುವ ಸಮಿತಿಗೆ ಕಾಣುವುದು ಕಾಗದ ಮಾತ್ರ. ನಿಮ್ಮ ಬಿಟ್ಟುಹೋದ ಗಂಟೆಗಳನ್ನು ಯಾವ ಅತಿಥಿ ಉಪನ್ಯಾಸಕರು ತೆಗೆದುಕೊಳ್ಳುತ್ತಾರೆ ಎಂಬುದೂ ಅದೇ ಆದೇಶದಲ್ಲಿ ಇರಲಿ. ಇಲ್ಲದಿದ್ದರೆ ಭಾರ ವಿಭಾಗದ ಕಿರಿಯರ ತಲೆಗೆ ಬೀಳುತ್ತದೆ, ಮನಸ್ತಾಪವೂ ಅಲ್ಲಿಂದಲೇ ಶುರು.

ಅದೇ ನಿಯಮಾವಳಿಯಲ್ಲಿ ಆಡಳಿತದ ಹೊಣೆ, ಪರೀಕ್ಷಾ ಕೆಲಸ, ವಿಸ್ತರಣಾ ಚಟುವಟಿಕೆ, ಪಿಎಚ್‌ಡಿ ಮಾರ್ಗದರ್ಶನ ಎಲ್ಲಕ್ಕೂ ಲೆಕ್ಕವಿದೆ. ಈ ಬಗೆಯ ಮೂರು ಚಟುವಟಿಕೆಗಳಲ್ಲಿ ತೊಡಗಿದ್ದರೆ ಆ ಭಾಗದಲ್ಲಿ 'ಉತ್ತಮ' ಸಿಗುತ್ತದೆ. ಫೆಲೋಶಿಪ್ ನಿಮಗೆ ಎರಡನ್ನು ತಂದುಕೊಡುತ್ತದೆ, ಪಿಎಚ್‌ಡಿ ಮಕ್ಕಳು ಮೂರನೆಯದನ್ನು. ವಾರದಲ್ಲಿ ಎರಡು ಮಧ್ಯಾಹ್ನ ಪ್ರಯೋಗಾಲಯಕ್ಕೆ ಮೀಸಲು ಎಂದು ಮೊದಲ ವಾರದಲ್ಲೇ ಕುಲಪತಿಗಳಿಗೆ ತಿಳಿಸಿ. ತಡಮಾಡಿದರೆ ಆ ಸಮಯ ನಿಮ್ಮ ಕೈಗೆ ಸಿಗುವುದಿಲ್ಲ.

ಇನ್ನು ಕಲಿಯುವ ವಿಷಯ. ಸಮಾರಂಭಗಳಲ್ಲಿ ಕುಲಪತಿಗಳ ಪಕ್ಕ ನಿಲ್ಲುವುದರಿಂದ ಆಡಳಿತ ಬರುವುದಿಲ್ಲ. ಒಂದು ಕಡತದ ಬೆನ್ನು ಹತ್ತಿ. ವಿಷಯ ನಿರ್ವಾಹಕರ ಮೇಜಿನಿಂದ ಹೊರಟ ಟಿಪ್ಪಣಿ ಅಧೀಕ್ಷಕರು, ಉಪಕುಲಸಚಿವರು, ಕುಲಸಚಿವರು, ವಿತ್ತಾಧಿಕಾರಿ ಇವರನ್ನೆಲ್ಲ ದಾಟಿ ಕುಲಪತಿಗಳಿಗೆ ಹೋಗುತ್ತದೆ. ನಡುವೆ ಯಾರಾದರೂ ಅಂಚಿನಲ್ಲಿ "ಚರ್ಚಿಸಿ" ಎಂದು ಒಂದೇ ಪದ ಬರೆದರೆ ಕಡತ ಕೆಳಗಿಳಿಯುತ್ತದೆ. ಚರ್ಚೆಗೆ ಯಾರೂ ಹೋಗದಿದ್ದರೆ ತಿಂಗಳುಗಟ್ಟಲೆ ಅಲ್ಲೇ ಮಲಗುತ್ತದೆ. ಪ್ರಯೋಗಾಲಯದ ಒಂದು ಖರೀದಿ ಕಡತವನ್ನೇ ಹಿಡಿದು 1999ರ ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಯ ಕಾನೂನು) ಎಲ್ಲಿ ಅಡ್ಡ ಬರುತ್ತದೆ, ಎಲ್ಲಿ ಕಾಪಾಡುತ್ತದೆ ನೋಡಿ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಮತ್ತು ವಿದ್ಯಾವಿಷಯಕ ಪರಿಷತ್ತಿನ ಅಧಿಕಾರಗಳ ಭಾಗವನ್ನು ಸೇರುವ ಮುಂಚೆಯೇ ಓದಿಕೊಂಡು ಹೋಗಿ.

ನಾನು ಒಪ್ಪಿಕೊಳ್ಳಿ ಎನ್ನಲು ಇನ್ನೊಂದು ಕಾರಣವಿದೆ. ದಶಕಗಳ ಕಾಲ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಪದವಿ ಕಾಲೇಜುಗಳಿಗೆಲ್ಲ ಇದ್ದದ್ದು 1980ರಲ್ಲಿ ಶುರುವಾದ ಗುಲ್ಬರ್ಗ ವಿಶ್ವವಿದ್ಯಾಲಯ ಒಂದೇ. ಬಳ್ಳಾರಿಗೆ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದದ್ದು 2010ರಲ್ಲಿ. ರಾಯಚೂರು, ಕೊಪ್ಪಳದವು ಇನ್ನೂ ಎಳೆಯ ಸಂಸ್ಥೆಗಳು. ಇಲ್ಲಿ ಪಾಠ ಮಾಡಿ, ಇಲ್ಲಿಯ ಮಕ್ಕಳನ್ನು ಕಂಡವರೇ ನಾಳೆ ಕುಲಸಚಿವರ ಕುರ್ಚಿಯಲ್ಲಿ ಕೂರಬೇಕು. ಅದಕ್ಕೆ ಈಗಲೇ ತಯಾರಾಗದಿದ್ದರೆ ಮತ್ತೆ ಹೊರಗಿನವರ ದಾರಿ ಕಾಯಬೇಕಾಗುತ್ತದೆ.

ಪ್ರಶ್ನೆ: ಪದವಿ ಕಾಲೇಜು ಉಪನ್ಯಾಸಕ, ಕೊಪ್ಪಳ

ಸರ್, ಇಂಥ ಫೆಲೋಶಿಪ್ ಬೇರೆ ಕಡೆ ಇದೆಯಾ? ಮಾದರಿ ಯಾವುದು?

ಉತ್ತರ: ಹೆಸರುವಾಸಿಯಾದದ್ದು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್‌ನದು, 1965ರಿಂದ ನಡೆದಿದೆ. ಆಯ್ಕೆಯಾದ ಅಧ್ಯಾಪಕರು ಬೇರೊಂದು ವಿಶ್ವವಿದ್ಯಾಲಯದ ಮುಖ್ಯಸ್ಥರ ಜೊತೆಗಿದ್ದು, ನಿರ್ಧಾರ ಹೇಗೆ ಆಗುತ್ತದೆ ಎಂದು ನೋಡಿ, ತಮ್ಮ ಸಂಸ್ಥೆಗೆ ಬೇಕಾದ ಒಂದು ಕೆಲಸವನ್ನು ರೂಪಿಸಿಕೊಂಡು ಮರಳುತ್ತಾರೆ. ನಮ್ಮಲ್ಲಿ 2018ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ 'ಲೀಪ್' ಇತ್ತು. ಹಿರಿಯ ಅಧ್ಯಾಪಕರಿಗೆ ಮೂರು ವಾರದ ತರಬೇತಿ, ಎರಡು ವಾರ ದೇಶದಲ್ಲಿ, ಒಂದು ವಾರ ವಿದೇಶದಲ್ಲಿ. 2023ರಿಂದ ಅಧ್ಯಾಪಕರಿಗೆ ತರಬೇತಿ ಕೊಡುವ ಮಾಳವೀಯ ಮಿಷನ್ ಕೇಂದ್ರಗಳಿವೆ. ಇವು ಒಳ್ಳೆಯವೇ, ಆದರೆ ಮೂರು ವಾರದಲ್ಲಿ ಬಜೆಟ್ಟಿನ ಒಂದು ಸುತ್ತು ಕೂಡ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ವರ್ಷ ಬೇಕು. ಸಾಧ್ಯವಾದರೆ ಒಂದೆರಡು ವಾರ ಕಲಬುರಗಿಯಂಥ ಹಳೆಯ ಕಡೆ ಹೋಗಿ ಕೂರಲು ಅನುಮತಿ ಕೇಳಿ.

ಪ್ರತಿಕ್ರಿಯೆ: ಸರ್ಕಾರಿ ಪ್ರೌಢಶಾಲೆ ಮುಖ್ಯಗುರು, ಮಾನ್ವಿ ತಾಲ್ಲೂಕು

ಸರ್, ಶಾಲಿ ಕಡೆಯಿಂದ ನಾನೊಂದು ಮಾತು ಹೇಳ್ತೀನ್ರಿ. ದೊಡ್ಡ ಸಂಸ್ಥೆಯವರು ಬರ್ತಾರ, ಬ್ಯಾನರ್ ಕಟ್ತಾರ, ಭಾಷಣ ಮಾಡ್ತಾರ, ಫೋಟೋ ತಗೊಂಡು ಹೋಗ್ತಾರ. ಹತ್ತಿ ಬಿಡಿಸೋ ಟೈಮಿನ್ಯಾಗ ನಮ್ಮ ಮಕ್ಕಳು ಅರ್ಧ ಹೊಲದಾಗ ಇರ್ತಾವ, ಕೆಲವರು ಅಪ್ಪ ಅವ್ವನ ಜೊತಿ ಗುಳೆ ಹೋಗಿರ್ತಾರ. ಜನವರಿ ಆದ ಮ್ಯಾಲೆ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ. ಇವರು ಬರೋದು ಆವಾಗ್ಲೇ. ಲ್ಯಾಬಿನ ಸಾಮಾನು ಬೀರುವಿನ್ಯಾಗ ಬೀಗ ಹಾಕಿ ಕೂತಾವ. ಅವನ್ನ ಹೊರಗ ತೆಗೆಸಿ ಕೈಯಿಂದ ಮಾಡಿಸೋರು ಬೇಕು ನಮಗ.

ಉತ್ತರ: ಮುಖ್ಯಗುರುಗಳೇ, ನಿಮ್ಮ ಮಾತನ್ನು ಮೇಡಂ ಅವರ ಯೋಜನೆಯ ಮೊದಲ ಪುಟಕ್ಕೆ ಹಾಕಬೇಕು. ಮೇಡಂ, ಶಾಲೆಯ ಕೆಲಸವನ್ನೆಲ್ಲ ಜುಲೈನಿಂದ ಸೆಪ್ಟೆಂಬರ್ ಒಳಗೆ ಇಟ್ಟುಕೊಳ್ಳಿ. ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಅನುಮತಿ ಪತ್ರ ಪಡೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೂಲಕ ಶಾಲೆಗೆ ಹೋಗಿ. ಪಿಯು ಕಾಲೇಜಿಗೆ ಅವರದೇ ಉಪನಿರ್ದೇಶಕರ ಪತ್ರ ಬೇರೆ ಬೇಕು. ಐವತ್ತು ಶಾಲೆ ಸುತ್ತುವ ಬದಲು ನಾಲ್ಕೇ ಶಾಲೆ ಹಿಡಿದು, ಪ್ರತಿಯೊಂದಕ್ಕೂ ಮತ್ತೆ ಮತ್ತೆ ಹೋಗಿ.

ನೀವು ರಸಾಯನಶಾಸ್ತ್ರದವರು, ನಮ್ಮ ಜಿಲ್ಲೆಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ತೊಂದರೆ ಹಳೆಯದು. ಮಕ್ಕಳು ತಮ್ಮ ಮನೆಯ ನೀರನ್ನೇ ಬಾಟಲಿಯಲ್ಲಿ ತರಲಿ. ಜಿರ್ಕೋನಿಯಂ-ಅಲಿಜರಿನ್ ದ್ರಾವಣ ಹಾಕಿದಾಗ ಫ್ಲೋರೈಡ್ ಹೆಚ್ಚಿದ್ದಷ್ಟೂ ನಸುಗೆಂಪು ಬಣ್ಣ ಹಳದಿಗೆ ತಿರುಗುತ್ತದೆ. ಹತ್ತು ಪರೀಕ್ಷಾ ನಳಿಕೆಗಳನ್ನು ಸಾಲಾಗಿ ಇಟ್ಟು, ಪ್ರತಿಯೊಂದರ ಮೇಲೆ ಓಣಿಯ ಹೆಸರು ಬರೆಸಿ. ಯಾವ ಓಣಿಯ ನಳಿಕೆ ಹಳದಿಯಾಯಿತು ಎಂದು ಮಕ್ಕಳೇ ಓದುತ್ತಾರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ. ಬಣ್ಣ ನೋಡಿ ಊರಲ್ಲಿ ಗಾಬರಿ ಹುಟ್ಟಿಸಬೇಡಿ, ಅನುಮಾನ ಬಂದ ನೀರನ್ನು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸರಿಯಾಗಿ ಅಳೆದು ಪಂಚಾಯಿತಿಗೆ ಪತ್ರ ಬರೆಯಿರಿ. ಆ ಪತ್ರಕ್ಕೆ ಕುಲಸಚಿವರ ಸಹಿ ಬೇಕು. ಬೆಳಿಗ್ಗೆ ಕಚೇರಿಯಲ್ಲಿ ಕಲಿತ ಕಡತದ ದಾರಿ ನಿಮಗೆ ಕೆಲಸಕ್ಕೆ ಬರುವುದು ಆವಾಗಲೇ.

ಇನ್ನೊಂದನ್ನು ಮಕ್ಕಳಿಗೂ ಪೋಷಕರಿಗೂ ತಪ್ಪದೆ ಹೇಳಿ: ಸಂವಿಧಾನದ 371ಜೆ ವಿಧಿ. ನಮ್ಮ ಭಾಗದ ವೃತ್ತಿಪರ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಸ್ಥಳೀಯರಿಗೆ ಮೀಸಲು. ಅದಕ್ಕೆ ಬೇಕಾದ ಪ್ರಮಾಣಪತ್ರ ಸಹಾಯಕ ಆಯುಕ್ತರಿಂದ ಬರಬೇಕು. ಸಿಇಟಿ ಹೊತ್ತಿಗೆ ಓಡಾಡುವ ಬದಲು ಹತ್ತನೇ ತರಗತಿ ಮುಗಿದ ರಜೆಯಲ್ಲೇ ದಾಖಲೆ ಹೊಂದಿಸಿಕೊಳ್ಳಲಿ. ಒಂದು ಶಾಲೆಯಲ್ಲಿ ಇದೊಂದನ್ನು ಪೂರ್ತಿ ಮಾಡಿಸಿದರೂ ನಿಮ್ಮ ವರ್ಷ ಸಾರ್ಥಕ ಎಂದೇ ನಾನು ಹೇಳುತ್ತೇನೆ.

ಪ್ರಶ್ನೆ: ಸಹಾಯಕ ಪ್ರಾಧ್ಯಾಪಕಿ, ರಾಯಚೂರು

ತುಂಬಾ ಉಪಕಾರ ಆಯ್ತು ಸರ್. ಮಕ್ಕಳನ್ನು ನಮ್ಮ ಲ್ಯಾಬಿಗೆ ಕರೆತರಬೇಕೆಂದರೆ ಬಸ್ ಖರ್ಚು ಯಾರು ಕೊಡ್ತಾರೆ?

ಉತ್ತರ: ಕೈಯಿಂದ ಹಾಕಬೇಡಿ ಮೇಡಂ. ಖರ್ಚು ಯಾವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ ಎಂದು ವಿತ್ತಾಧಿಕಾರಿಗಳಿಂದ ಮೊದಲೇ ಬರೆಸಿಕೊಳ್ಳಿ. ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ, ಆದರೆ ಗುತ್ತಿಗೆ ಮೇಲೆ ಬಸ್ ಮಾಡಿಕೊಂಡರೆ ಅದು ಸಿಗುವುದಿಲ್ಲ. ಪೋಷಕರ ಒಪ್ಪಿಗೆ ಪತ್ರ, ಜೊತೆಗೆ ಒಬ್ಬ ಶಿಕ್ಷಕಿ, ಮಧ್ಯಾಹ್ನದ ಊಟ ಇವನ್ನು ಮುಖ್ಯಗುರುಗಳ ಜೊತೆ ಕೂತು ನಿರ್ಧರಿಸಿ. ಆದೇಶದ ಕರಡು ಸಿದ್ಧವಾದಾಗ ಹೆಸರುಗಳನ್ನು ತೆಗೆದು ಗುಂಪಿನಲ್ಲಿ ಹಾಕಿ, ಯಾವ ಸಾಲು ಬಿಟ್ಟುಹೋಗಿದೆ ಎಂದು ನೋಡಿ ಹೇಳುತ್ತೇನೆ.